ತಿಕೋಟಾ ಎಂಬ ಆಟಗಾರ್ತಿ

ಡಿಗ್ರಿಯ ಕೊನೆಯ ವರ್ಷದಲ್ಲಿ ಕೆಲವು ತಿಂಗಳು ನಾನು ವಿಜಯಪುರದ ನಮ್ಮ ಕಾಲೇಜಿನ ಅತ್ಯುತ್ತಮ ಡಿಫೆನ್ಸ್ ಆಟಗಾರ್ತಿಯ ಅರ್ಧ ಭಾಗವಾಗಿದ್ದೆ. ಆಟ ಬಾಸ್ಕೆಟ್‌ಬಾಲ್. ಇನ್ನರ್ಧ ಭಾಗ ನನ್ನ ಗೆಳತಿ. ಇಬ್ಬರೂ ಕೂಡಿ ಒಬ್ಬಳಾಗಿದ್ದೇವೆ ಎಂಬುದು ಆಗ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಕೆಲವು ತಿಂಗಳಾದರೂ ಸ್ವಲ್ಪ ಸೊಕ್ಕಿನಿಂದ ಓಡಾಡಬಹುದಿತ್ತು.

ನನ್ನ ಊರು ಕನಮಡಿ. ಕಾಲೇಜಿಗೆ ಸೇರಿದ ಹೊಸದರಲ್ಲಿ ಯಾರಾದರೂ ಯಾವೂರು ಎಂದು ಕೇಳಿದರೆ ಕನಮಡಿ ಎನ್ನುತ್ತಿದ್ದೆ. ಪೇಟೆಯ ಹುಡುಗಿಯರು "ಅದೆಲ್ಲಿ ಬರ್ತೈತಿ?" ಎನ್ನುವರು. "ತಿಕೋಟಾ ದಾಟಿ" ಎಂದರೆ, "ಹಂಗಾರ ತಿಕೋಟಾ ಅನ್ನು" ಎಂದು ಅವರೇ ತೀರ್ಪು ಕೊಟ್ಟು ಮುಂದೆ ಹೋಗುವರು. ಇದೇ ಮಾತನ್ನು ಎಷ್ಟು ಮಂದಿಗೆ ಹೇಳುವುದು? ನನಗೆ ತಾಳ್ಮೆ ಮೊದಲೇ ಕಡಿಮೆ. ಒಂದು ತಿಂಗಳಾಗುವುದರೊಳಗೆ ನಾನೂ ತಿಕೋಟಾ ಎನ್ನತೊಡಗಿದೆ. ಆ ದಾರಿಯ ಬಸ್ಸಿನಿಂದ ಇಳಿಯುವವರೆಲ್ಲ, ಮಹಾರಾಷ್ಟ್ರದ ಗಡಿಯ ತನಕ ಯಾವ ಊರಿನವರೇ ಆಗಿರಲಿ, ಪೇಟೆ ಮುಟ್ಟಿದ ಮೇಲೆ ತಿಕೋಟಾದವರೇ.

ಗೆಳತಿ ಮಾತ್ರ ನಿಜಕ್ಕೂ ತಿಕೋಟಾದವಳು. ಅವಳ ಅಬ್ಬಾನದು ಒಣದ್ರಾಕ್ಷಿ ವ್ಯಾಪಾರ. ಅವಳ ಟ್ರ್ಯಾಕ್ ಪ್ಯಾಂಟಿನ ಜೇಬಿನಲ್ಲಿ ರಮಜಾನ್ ತಿಂಗಳೊಂದನ್ನು ಬಿಟ್ಟು ಉಳಿದೆಲ್ಲ ದಿನ ಒಂದು ಹಿಡಿ ಒಣದ್ರಾಕ್ಷಿ ಇರುತ್ತಿತ್ತು, ಅದರಲ್ಲಿ ಅರ್ಧ ನನ್ನದು. ಪ್ರತಿಯಾಗಿ ನಾನು ಅವಳಿಗೆ ಸೀಟು ಹಿಡಿಯುತ್ತಿದ್ದೆ. ಬಸ್ಸು ಹೊರಡುವುದು ನಮ್ಮೂರಿನಿಂದಲೇ ಆದ್ದರಿಂದ ನನಗೆ ಕೂರಲು ಜಾಗ ಸಿಗುತ್ತಿತ್ತು. ತಿಕೋಟಾ ಬರುವ ತನಕ ಪಕ್ಕದ ಜಾಗವನ್ನು ಕಾಯುವುದು ನನ್ನ ದಿನನಿತ್ಯದ ಕೆಲಸ. ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿಯಾದ ಮೇಲೆ ಇದು ಸುಮ್ಮನೆ ಆಗುವ ಕೆಲಸವಾಗಿ ಉಳಿದಿರಲಿಲ್ಲ.

"ಯಾರದೈತಿ ಬೇ ಈ ಸೀಟು?"

"ಬರ್ತಾರ್ರಿ."

"ಎಲ್ಲದಾರ?"

"ತಿಕೋಟಾದಾಗ."

"ತಿಕೋಟಾ ಬರೂತನಾ ನಾ ನಿಂತಿರ್ಲೇನು?"

ಈ ಪ್ರಶ್ನೆಗೆ ನ್ಯಾಯವಾದ ಉತ್ತರವಿಲ್ಲ.  ಚೀಲವನ್ನು ಇಟ್ಟರೆ ಎತ್ತಿ ನನ್ನ ತೊಡೆಯ ಮೇಲೆ ಹಾಕಿ ಕೂತುಬಿಡುತ್ತಾರೆ. ಆದ್ದರಿಂದ ನಾನೇ ಸೀಟಿನ ನಡುವೆ ಕೂತು, ಮೊಣಕಾಲು ಅಗಲ ಮಾಡಿ, ಅವರು ಯಾವ ಕಡೆ ನುಸುಳಲು ನೋಡುತ್ತಾರೋ ಆ ಕಡೆ ಮೆಲ್ಲಗೆ ಸರಿದು, ಮುಖ ಮಾತ್ರ ಕಿಟಕಿಯ ಕಡೆ ಇಟ್ಟುಕೊಳ್ಳುತ್ತಿದ್ದೆ. ಕೈ ಹಚ್ಚಬಾರದು, ಜಗಳಕ್ಕೆ ಎಡೆ ಕೊಡಬಾರದು, ಜಾಗ ಬಿಡಬಾರದು. ಮುಂದೆ ಕಾಲೇಜಿನ ಪಿ.ಟಿ. ಮೇಡಂ ಡಿಫೆನ್ಸ್ ಕಲಿಸುವಾಗ ಇದನ್ನೇ ಹೇಳಿದರು. ನನಗೆ ಹೊಸದೇನೂ ಅನ್ನಿಸಲಿಲ್ಲ.

ಮೇಡಂ ಅವರ ಕಲಿಸುವ ಶಬ್ದ ಒಂದೇ: ಅಡ್ಡ. "ಅಡ್ಡ ನಿಲ್ಲ ಬೇ! ಅಡ್ಡ!" ಎಂದು ಅಂಗಳದ ಅಂಚಿನಿಂದ ಕೂಗುವರು. ಮನೆಯಲ್ಲಿ ಹುಟ್ಟಿದಾಗಿನಿಂದ ಯಾರಾದರೂ ಹೊರಗೆ ಹೊರಟರೆ ಅಡ್ಡ ಬರಬೇಡ, ಹಿರಿಯರು ಮಾತಾಡುವಾಗ ಅಡ್ಡ ಬಾಯಿ ಹಾಕಬೇಡ ಎಂದು ಕೇಳಿಸಿಕೊಂಡು ಬೆಳೆದವರು ನಾವು. ಅಡ್ಡ ಬಂದರೆ ಶಹಬ್ಬಾಸ್ ಎನ್ನುವ ಜಾಗವೊಂದಿದೆ ಎಂದು ತಿಳಿದಾಗ ನಮಗಿಬ್ಬರಿಗೂ ಬಹಳ ಖುಷಿಯಾಯಿತು. ಚೆಂಡನ್ನು ಬುಟ್ಟಿಗೆ ಹಾಕುವುದು ಇಬ್ಬರಿಗೂ ಬರುತ್ತಿರಲಿಲ್ಲ. ನಾನು ಎಸೆದರೆ ಕಂಬದ ಹಿಂದಿನ ಬೇವಿನ ಮರದ ಕಾಗೆಗಳು ಮೊದಲೇ ಎದ್ದು ಹೋಗುತ್ತಿದ್ದವು.

ಹಾಗಾಗಿ ನಾವಿಬ್ಬರೂ ಒಂದೇ ಕೆಲಸದವರು. ಒಬ್ಬಳು ದಣಿದರೆ ಇನ್ನೊಬ್ಬಳು. ತಂಡದಲ್ಲಿ ಒಂದೇ ಹೆಸರಿನವರು ಮೂವರಿದ್ದುದರಿಂದ ಮೇಡಂ ಎಲ್ಲರನ್ನೂ ಊರು, ಬಡಾವಣೆಯಿಂದಲೇ ಕರೆಯುತ್ತಿದ್ದರು. ಜಲನಗರದಾಕಿ, ಬಬಲೇಶ್ವರದಾಕಿ, ಹೀಗೆ. ನಾವಿಬ್ಬರೂ ತಿಕೋಟಾ. "ತಿಕೋಟಾ ಹೊರಗ ಬಾ, ತಿಕೋಟಾ ಒಳಗ ಹೋಗು" ಎಂದು ಕೂಗುವರು. ಇದರಲ್ಲಿ ನಮಗೆ ಗೊಂದಲವೇನೂ ಇರಲಿಲ್ಲ. ಬೆವರಿದವಳು ಹೊರಗೆ, ಬೆವರದವಳು ಒಳಗೆ.

ಈ ವ್ಯವಸ್ಥೆಯೊಳಗೆ ಸ್ಟ್ಯಾಟಿಸ್ಟಿಕ್ಸ್ ಸರ್ ಬಂದರು. ಅವರು ಜಲನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದ ತೆಳ್ಳನೆಯ ಮನುಷ್ಯ. ಜನ್ಮದಲ್ಲಿ ಚೆಂಡು ಮುಟ್ಟಿದವರಲ್ಲ. ಹೊರದೇಶದ ಬಾಸ್ಕೆಟ್‌ಬಾಲಿನ ಅಂಕಿಸಂಖ್ಯೆಗಳನ್ನು ಓದುವ ಹುಚ್ಚು ಮಾತ್ರ ವಿಪರೀತ. ಒಂದು ಸಂಜೆ ಅಂಗಳಕ್ಕೆ ಬಂದು ಮೇಡಂ ಅವರನ್ನು ಹಿಡಿದುಕೊಂಡರು. ಸೊಲ್ಲಾಪುರ ರಸ್ತೆಯ ಗ್ಯಾರೇಜುಗಳ ತಗಡು ಬಡಿಯುವ ಸದ್ದಿನ ನಡುವೆ ಇಬ್ಬರೂ ಕೂಗಿ ಕೂಗಿ ಮಾತಾಡಿದ್ದರಿಂದ ನಮಗೆಲ್ಲ ಪೂರ್ತಿ ಕೇಳಿಸಿತು.

"ಮೇಡಂ, ಛಲೋ ಡಿಫೆನ್ಸ್ ಯಾರದು ಅಂತ ನೀವು ಹೆಂಗ ಹೇಳ್ತೀರಿ?"

"ಚೆಂಡ ಕಸಗೋತಾರಲ್ರಿ, ಅವರು. ಜಲನಗರದಾಕಿ ನೋಡ್ರಿ, ಹದ್ದು ಇದ್ದಂಗ ಅದಾಳ."

"ಕಸಗೊಂಡದ್ದು ಕಣ್ಣಿಗೆ ಕಾಣ್ತೈತಿ, ಎಣಸ್ತೀರಿ. ಎದುರಿಗಿನಾಕಿ ಹೆದರಿ ಚೆಂಡ ಒಗೀಲೇ ಇಲ್ಲ ಅಂದ್ರ? ಅದನ್ನ ಯಾರು ಎಣಸ್ತಾರ?"

"ಆಗದ್ದನ್ನ ಹೆಂಗ ಎಣಸೂದ್ರಿ ಸರ್?"

"ಅದಕ್ಕ ನಾವು ಅದೇವಲ್ರಿ" ಎಂದರು ಸರ್, ಎದೆ ಮುಟ್ಟಿಕೊಂಡು.

ಅವರ ಉಪಾಯ ಸರಳವಾಗಿತ್ತು. ಒಬ್ಬ ಹುಡುಗಿ ಅಂಗಳದೊಳಗೆ ಇದ್ದಾಗ ಎದುರು ತಂಡಕ್ಕೆ ಎಷ್ಟು ಪಾಯಿಂಟು ಬಂತು, ಅವಳು ಹೊರಗಿದ್ದಾಗ ಎಷ್ಟು ಬಂತು, ಎರಡನ್ನೂ ತೂಗಿ ನೋಡುವುದು. ಜೊತೆಗೆ ಯಾರು ಆಡುತ್ತಿದ್ದರು, ಎದುರಿನವರು ಎಂಥವರು ಎಂಬುದನ್ನೂ ಕಂಪ್ಯೂಟರಿಗೆ ಹೇಳಿ, ಅದರ ಪಾಲನ್ನು ಕಳೆಯುವುದು. ಕೊನೆಗೆ ಉಳಿಯುವುದು ಆ ಹುಡುಗಿಯದೇ ಸ್ವಂತ ಗುಣ. ಆ ವರ್ಷದ ಪಂದ್ಯಗಳಿಗೆಲ್ಲ ಸರ್ ತಮ್ಮ ಮೊದಲ ವರ್ಷದ ವಿದ್ಯಾರ್ಥಿನಿಯರನ್ನು ಬೇವಿನ ಮರದ ಕೆಳಗೆ ಮೊಬೈಲ್ ಕೊಟ್ಟು ಕೂರಿಸಿದರು. ಯಾರು ಒಳಗೆ ಹೋದರು, ಯಾರು ಹೊರಗೆ ಬಂದರು, ಅಷ್ಟನ್ನು ಒತ್ತುವುದು ಅವರ ಕೆಲಸ. ಜರ್ಸಿಯ ನಂಬರ್ ನೋಡಿ ಪ್ರಯೋಜನವಿರಲಿಲ್ಲ. ಜರ್ಸಿಗಳು ಕಾಲೇಜಿನವು, ಒಗೆದು ಬಂದ ಗಂಟಿನಲ್ಲಿ ಯಾರ ಕೈಗೆ ಯಾವುದು ಸಿಕ್ಕಿತೋ ಅದು. ಆ ಹುಡುಗಿಯರು ಮೇಡಂ ಕೂಗುವುದನ್ನು ಕೇಳಿ ಒತ್ತುತ್ತಿದ್ದರು.

ಮೇಡಂ ಇದಕ್ಕೆಲ್ಲ ಒಪ್ಪಿದ್ದಕ್ಕೆ ಒಂದು ಕಾರಣವಿತ್ತು. ವಿಶ್ವವಿದ್ಯಾಲಯ ಮಟ್ಟದ ಪಂದ್ಯಾವಳಿಗೆ ತಂಡದ ಹೆಸರುಗಳು ಆಗಲೇ ಹೋಗಿದ್ದವು. ಡಿಫೆನ್ಸಿಗೆಂದು ಒಂದು ಸೀಟು ಮಾತ್ರ ಖಾಲಿ ಇಟ್ಟಿದ್ದರು. ನನಗೆ ಆ ಸೀಟು ಬೇಕಿತ್ತು. ಅಲ್ಲಿ ಆಡಿದ ಸರ್ಟಿಫಿಕೇಟು ಇದ್ದರೆ ಬಿ.ಪಿ.ಎಡ್. ಸೇರುವುದು ಸಲೀಸು. ಸೀಟಿ ಊದಿ ಮಂದಿಯನ್ನು ಸಾಲಾಗಿ ನಿಲ್ಲಿಸುವುದಕ್ಕೆ ಸರಕಾರ ಸಂಬಳ ಕೊಡುತ್ತದೆ ಎಂದು ಎಂಟನೆಯ ಇಯತ್ತೆ ಓದುವಾಗ ತಿಳಿದ ದಿನದಿಂದ ನನಗೆ ಪಿ.ಟಿ. ಟೀಚರ್ ಆಗುವುದನ್ನು ಬಿಟ್ಟು ಬೇರೆ ಆಸೆಯೇ ಹುಟ್ಟಿರಲಿಲ್ಲ. ಗೆಳತಿಗೂ ಆ ಸೀಟು ಬೇಕಿತ್ತು. ಅವಳಿಗೆ ಪೊಲೀಸ್ ಆಗಬೇಕಿತ್ತು. ಅಲ್ಲೂ ಆಟದ ಸರ್ಟಿಫಿಕೇಟಿಗೆ ಬೆಲೆಯಿದೆ ಎಂದು ಯಾರೋ ಹೇಳಿದ್ದರು. ಇಬ್ಬರದೂ ಕೊನೆಯ ವರ್ಷ. ಈ ವಿಷಯವನ್ನು ನಾವು ಬಸ್ಸಿನಲ್ಲಿ ಎಂದೂ ಮಾತಾಡಲಿಲ್ಲ.

ಹಂಗಾಮು ಮುಗಿಯುತ್ತ ಬಂದಾಗ ಸರ್ ಲ್ಯಾಪ್‌ಟಾಪ್ ಎತ್ತಿಕೊಂಡು ಅಂಗಳಕ್ಕೆ ಓಡಿ ಬಂದರು. ಅವರ ಮುಖದಲ್ಲಿ ಮದುವೆ ಮನೆಯ ಕಳೆ ಇತ್ತು.

"ಮೇಡಂ, ನಿಮ್ಮ ತಂಡದಾಗ ಒಂದು ರತ್ನ ಐತಿ. ನಿಮಗ ಗೊತ್ತಿಲ್ಲ."

"ಜಲನಗರದಾಕಿ ಏನ್ರಿ?"

"ಆಕಿ ಎಲ್ಲಾರಕಿಂತ ಕೆಳಗ ಅದಾಳ. ಚೆಂಡ ಕಸಗೋಳಾಕ ಓಡ್ತಾಳ, ತಾ ಕಾಯಬೇಕಾದಾಕಿನ್ನ ಬಿಟ್ಟು ಹೋಗ್ತಾಳ. ಹಿಂದ ಬುಟ್ಟಿ ಬೀಳ್ತೈತಿ."

ಜಲನಗರದಾಕಿ ಅಲ್ಲೇ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಳು. ಅವಳು ಕೊನೆಯ ತನಕ ಸರ್ ಅವರ ಜೊತೆ ಮಾತಾಡಲಿಲ್ಲ.

"ರತ್ನ ಅಂದ್ರ ತಿಕೋಟಾ" ಎಂದರು ಸರ್. "ಎಂಥಾ ಹುಡುಗಿ ಮೇಡಂ! ಆಕಿ ಇದ್ದಾಗ ಎದುರಿನವರಿಗೆ ಉಸಿರಾಡಾಕ ಬಿಡಂಗಿಲ್ಲ. ಅದು ಬಿಡ್ರಿ, ಬಸ್ಸು ಬರದ ಎರಡು ಪಂದ್ಯ ಬಿಟ್ರ ಇಡೀ ವರ್ಷದಾಗ ಒಂದು ನಿಮಿಷನೂ ಹೊರಗ ಕೂತಿಲ್ಲ! ಏನು ತಿಂತಾಳ ಆ ಹುಡುಗಿ? ಕರೀರಿ, ಮುಖ ನೋಡಬೇಕು."

ಮೇಡಂ ತಿರುಗಿ ಕೂಗಿದರು: "ತಿಕೋಟಾ!"

ನಾವಿಬ್ಬರೂ ಎದ್ದು ನಿಂತೆವು.

ಸರ್ ಮೊದಲು ನನ್ನನ್ನು ನೋಡಿದರು, ಆಮೇಲೆ ಅವಳನ್ನು, ಆಮೇಲೆ ಲ್ಯಾಪ್‌ಟಾಪನ್ನು. ನಾವು ಹತ್ತಿರ ಹೋಗಿ ನಿಂತೆವು. ಗೆಳತಿ ಮರ್ಯಾದೆಗೆ ಒಣದ್ರಾಕ್ಷಿ ಚಾಚಿದಳು. ಸರ್ ಅರಿವಿಲ್ಲದೆ ನಾಲ್ಕು ಕಾಳು ತೆಗೆದುಕೊಂಡು ಬಾಯಿಗೆ ಹಾಕಿದರು.

ವಿಷಯ ಆಗಿದ್ದು ಹೀಗೆ. "ತಿಕೋಟಾ ಹೊರಗ, ತಿಕೋಟಾ ಒಳಗ" ಎಂದು ಮೇಡಂ ಕೂಗಿದಾಗಲೆಲ್ಲ ಬೇವಿನ ಮರದ ಕೆಳಗಿನ ಹುಡುಗಿಯರು ಮೊಬೈಲಿನಲ್ಲಿ ತಿಕೋಟಾಳನ್ನು ಹೊರಗೆ ತೆಗೆದು, ಮರುಕ್ಷಣ ಅದೇ ತಿಕೋಟಾಳನ್ನು ಒಳಗೆ ಕಳಿಸುತ್ತಿದ್ದರು. ಹೀಗಾಗಿ ಅವಳು ದಣಿಯುತ್ತಲೇ ಇರಲಿಲ್ಲ. ಅಪರೂಪಕ್ಕೆ ನಾವಿಬ್ಬರೂ ಒಟ್ಟಿಗೆ ಆಡಿದಾಗ ಲೆಕ್ಕದಲ್ಲಿ ಐವರ ತಂಡಕ್ಕೆ ನಾಲ್ಕೇ ಮಂದಿ ಬರುತ್ತಿದ್ದರು. ಅದನ್ನು ಸರ್ ಮೇಡಂ ಅವರ ಧೈರ್ಯವೆಂದು ತಿಳಿದಿದ್ದರು. ನಾಲ್ವರಿದ್ದಾಗಲೇ ನಮ್ಮ ಡಿಫೆನ್ಸ್ ಇನ್ನೂ ಬಿಗಿಯಾಗುತ್ತದೆ ಎಂದು ಒಂದು ಲೇಖನವನ್ನೂ ಬರೆಯಲು ಶುರು ಮಾಡಿದ್ದರಂತೆ.

"ನಿಮ್ಮೊಳಗ ತಿಕೋಟಾ ಯಾರು?" ಎಂದು ಕೇಳಿದರು.

"ನಾ ರೀ" ಎಂದಳು ಗೆಳತಿ.

"ನಾ ಕನಮಡಿ ರೀ" ಎಂದೆ ನಾನು.

"ಎಲ್ಲಿ ಬರ್ತೈತಿ ಅದು?" ಎಂದರು ಸರ್. ನನಗೆ ಎಷ್ಟು ಸಿಟ್ಟು ಬಂತೆಂದರೆ ಅವರು ಸರ್ ಆಗಿರದಿದ್ದರೆ ಅಡ್ಡ ನಿಂತು ದಾರಿ ಬಿಡುತ್ತಿರಲಿಲ್ಲ.

ಲೆಕ್ಕ ಬಿಡಿಸಲು ಹಳೆಯ ಪಂದ್ಯಗಳಿಂದ ಸಾಧ್ಯವಿರಲಿಲ್ಲ. ಸರ್ ಕೇಳಿಕೊಂಡ ಮೇಲೆ ಮೇಡಂ ಪೇಟೆಯ ಇನ್ನೊಂದು ತಂಡದ ಜೊತೆ ಕೆಲವು ಅಭ್ಯಾಸ ಪಂದ್ಯ ಇಟ್ಟರು. ಒಂದರಲ್ಲಿ ನಾನು ಪೂರ್ತಿ ಆಡಬೇಕು, ಇನ್ನೊಂದರಲ್ಲಿ ಅವಳು. ಬದಲಿ ಇಲ್ಲ. ಸರ್ ಅವರ ಲೆಕ್ಕದಲ್ಲಿ ಯಾರು ಮೇಲೆ ಬರುತ್ತಾರೋ ಸೀಟು ಅವರದು.

ಆ ದಿನಗಳಲ್ಲೂ ನಾನು ಬಸ್ಸಿನಲ್ಲಿ ಸೀಟು ಹಿಡಿಯುವುದನ್ನು ಬಿಡಲಿಲ್ಲ. ಅವಳು ಹತ್ತಿ ಬಂದು ಕೂರುವಳು.  ಒಣದ್ರಾಕ್ಷಿ ಜೇಬಿನಿಂದ ಹೊರಗೆ ಬರುತ್ತಿರಲಿಲ್ಲ. ಒಂದೊಂದನ್ನೇ ಒಳಗಿನಿಂದ ತೆಗೆದು ಆ ಕಡೆ ಮುಖ ಮಾಡಿ ತಿನ್ನುವಳು. ಅವಳು ಅಗಿಯುವ ಸದ್ದು ಪೇಟೆಗೆ ಹತ್ತಿರದ ತೊರವಿಯ ತನಕ ನನಗೆ ಕೇಳಿಸುತ್ತಿತ್ತು. ಅವಳು ಸೋಲಲಿ ಅನ್ನಿಸುತ್ತಿತ್ತು. ಸೋತರೆ ನನಗೇ ಅಳು ಬರುತ್ತದೆ ಎಂದೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಹೊಟ್ಟೆಯಲ್ಲಿ ಇಟ್ಟುಕೊಂಡು ಕಾಲೇಜಿಗೆ ಹೋಗುವುದು ಬಹಳ ತ್ರಾಸಿನ ಕೆಲಸ.

ಅಭ್ಯಾಸ ಪಂದ್ಯಗಳು ಮುಗಿದ ಮೇಲೆ ಸರ್ ನಮ್ಮಿಬ್ಬರನ್ನೂ ಮೇಡಂ ಅವರ ಕೋಣೆಗೆ ಕರೆಸಿದರು. ಚೆಂಡುಗಳ ಬಲೆ, ಹರಿದ ನೆಟ್ಟುಗಳ ನಡುವೆ ನಾವು ನಿಂತೆವು.

"ಇಬ್ಬರ ನಡುವಿನ ವ್ಯತ್ಯಾಸ ಅರ್ಥಪೂರ್ಣ ಅಲ್ಲ" ಎಂದರು ಸರ್.

ಇದು ಅವರ ಶಾಸ್ತ್ರದ ಮಾತು. ಇಷ್ಟು ಸಣ್ಣ ಅಂತರವನ್ನು ನಂಬಲಾಗದು ಎಂದು ಅರ್ಥವಂತೆ. ನಾವು ಹಾಗೆ ತಿಳಿಯಲಿಲ್ಲ, ನಮ್ಮಿಬ್ಬರ ಆಟಕ್ಕೂ ಅರ್ಥವಿಲ್ಲ ಎಂದಂತೆ ಕೇಳಿಸಿತು. ಗೆಳತಿಯ ಮುಖ ಕಪ್ಪಿಟ್ಟಿತು. ನನ್ನದೂ ಹಾಗೇ ಆಗಿರಬೇಕು.

"ಇಬ್ಬರೂ ಮೊದಲರ್ಧ ಬೆಂಕಿ ಇದ್ದಂಗ ಆಡ್ತೀರಿ ಯವ್ವಾ. ಆಮ್ಯಾಗ ಕಾಲು ಬೀಳ್ತಾವ. ಕಾಲು ಬಿದ್ದಮ್ಯಾಗ ನೀವೂ ಎಲ್ಲಾರಂಗ. ತಿಕೋಟಾ ಯಾಕ ಅಷ್ಟು ಛಲೋ ಇದ್ಲು ಅಂದ್ರ ಆಕಿ ಇಬ್ಬರಿದ್ಲು. ಯಾವಾಗ್ಲೂ ಹೊಸ ಕಾಲು. ನಿಮ್ಮಿಬ್ಬರನ್ನ ಕೂಡಿಸಿದ್ರ ನಮ್ಮ ಕಾಲೇಜಿನಾಗ ಹಂಥಾಕಿ ಇನ್ನೊಬ್ಬಾಕಿ ಇಲ್ಲ."

"ಬಿಡಿಸಿದ್ರ, ಸರ್?" ಎಂದಳು ಗೆಳತಿ.

"ಬಿಡಿಸಬಾರದು" ಎಂದರು ಸರ್. ನಂತರ ಮೇಡಂ ಕಡೆ ತಿರುಗಿ ಕೈ ಮುಗಿಯುವುದೊಂದು ಬಾಕಿ ಎಂಬಂತೆ ಕೇಳಿದರು: "ಇಬ್ಬರನ್ನೂ ಕರಕೊಂಡು ಹೋಗ್ರಿ ಮೇಡಂ. ಬೇರೆ ಯಾರನ್ನರ ಬಿಡ್ರಿ."

"ಹೆಸರು ಹೋಗ್ಯಾವ್ರಿ ಸರ್. ಒಂದ ಸೀಟು ಐತಿ. ಛಲೋ ಡಿಫೆನ್ಸ್ ಯಾರದು ಅಂತ ಲೆಕ್ಕ ಹಾಕಿ ಹೇಳ್ತೀನಿ ಅಂದ್ರಿ, ನಾ ಜಾಗ ಇಟ್ಟೆ. ರತ್ನ ಎರಡು ತುಕಡಿ ಆದ್ರ ನಾ ಏನು ಮಾಡ್ಲಿ?"

 ಕೊನೆಗೆ ಮೇಡಂ ಚೀಟಿ ಎತ್ತಿಸೋಣ ಎಂದರು. ಇಷ್ಟೆಲ್ಲ ಲೆಕ್ಕ ಹಾಕಿ ಕೊನೆಗೆ ಚೀಟಿಯೇ ಎಂದು ಸರ್ ಅವರಿಗೆ ಅವಮಾನವಾಗಬಹುದು ಅಂದುಕೊಂಡೆ. ಅವರು ಹುರುಪಿನಿಂದ ಎದ್ದು ಕುಳಿತರು. "ಇದೂ ಸ್ಟ್ಯಾಟಿಸ್ಟಿಕ್ಸೇ ಮೇಡಂ. ಖರೇ ಹೇಳಬೇಕಂದ್ರ ಇದ ಎಲ್ಲಾದರಕಿಂತ ಶುದ್ಧ" ಎಂದು ಕಾಗದ ಹರಿದು ಬರೆದರು. ಒಂದರ ಮೇಲೆ ತಿಕೋಟಾ. ಇನ್ನೊಂದರ ಮೇಲೂ ಕೈ ತನ್ನಷ್ಟಕ್ಕೆ 'ತಿ' ಬರೆದಿತ್ತು. ನಾನು ಕೆಮ್ಮಿದೆ. ಅದನ್ನು ಗೀಚಿ ಕನಮಡಿ ಎಂದು ಬರೆದರು. ಆ ಕಾಲೇಜಿನಲ್ಲಿ ನನ್ನ ಊರಿನ ಹೆಸರನ್ನು ಯಾರಾದರೂ ಬರೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊರಗೆ ನೀರು ಕುಡಿಯುತ್ತಿದ್ದ ಬಬಲೇಶ್ವರದಾಕಿಯನ್ನು ಕರೆದು ಎತ್ತಿಸಿದರು. ಅವಳು ಬಿಚ್ಚಿ ಓದಿದಳು: "ಕನಮಡಿ. ಹಂಗಂದ್ರ ಯಾರ್ರಿ?"

ಗೆಳತಿ ನನ್ನ ಬೆನ್ನ ಮೇಲೆ ಒಂದು ಗುದ್ದು ಹಾಕಿದಳು. ಅದು ಖುಷಿಯ ಗುದ್ದೋ ಸಿಟ್ಟಿನದೋ ಇವತ್ತಿಗೂ ನನಗೆ ತಿಳಿದಿಲ್ಲ. ಆಮೇಲೆ ಅವಳು ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಮುಖ ತೊಳೆದಳು.

ಪಂದ್ಯಾವಳಿಗೆ ಹೋದೆ. ನಿರ್ಣಾಯಕ ಪಂದ್ಯದ ಮೊದಲರ್ಧದಲ್ಲಿ ಎದುರಿನ ತಂಡದ ಎತ್ತರದ ಹುಡುಗಿಗೆ ನಾನು ಚೆಂಡು ಮುಟ್ಟಲೂ ಬಿಡಲಿಲ್ಲ. ಅವಳು ಬೇಸತ್ತು ನನ್ನನ್ನು ಬೈದಳು. ಅಷ್ಟು ಹಿತವಾದ ಬೈಗುಳ ನಾನು ಮತ್ತೆ ಕೇಳಿಲ್ಲ. ದ್ವಿತೀಯಾರ್ಧದಲ್ಲಿ ಸರ್ ಹೇಳಿದಂತೆಯೇ ಕಾಲು ಬಿದ್ದವು. ತೊಡೆಯೊಳಗೆ ಮರಳು ತುಂಬಿದ ಹಾಗೆ. ಮೇಡಂ ನೋಡಿದರು, ಎದ್ದು ನಿಂತು ರೂಢಿಯಂತೆ ಕೂಗಿದರು: "ತಿಕೋಟಾ ಹೊರಗ ಬಾ, ತಿಕೋಟಾ ಒಳಗ..." ಅಷ್ಟಕ್ಕೆ ನಿಲ್ಲಿಸಿದರು. ಬೆಂಚಿನ ಮೇಲೆ ಕೂತವರೆಲ್ಲ ಬುಟ್ಟಿಗೆ ಹಾಕುವ ಹುಡುಗಿಯರು, ಯಾರೂ ಏಳಲಿಲ್ಲ. ನಾನು ಅಂಗಳದಲ್ಲೇ ಉಳಿದೆ. ಆ ಎತ್ತರದ ಹುಡುಗಿ ನನ್ನ ಪಕ್ಕದಿಂದ ಹಾದು ಹೋಗಿ ಹೋಗಿ ಪಾಯಿಂಟು ಹಾಕಿದಳು. ನಾವು ಸೋತೆವು. ಸರ್ಟಿಫಿಕೇಟು ಮಾತ್ರ ಸೋತವರಿಗೂ ಕೊಡುತ್ತಾರೆ.

ಅದರಿಂದ ನನಗೆ ಬಿ.ಪಿ.ಎಡ್. ಸೀಟು ಸಿಕ್ಕಿತು. ಈಗ ಬಬಲೇಶ್ವರದ ಒಂದು ಶಾಲೆಯಲ್ಲಿ ಸೀಟಿ ಊದುತ್ತೇನೆ. ಮಕ್ಕಳನ್ನು ಹೆಸರು ಹಿಡಿದೇ ಕರೆಯುತ್ತೇನೆ. ಒಂದೇ ಹೆಸರಿನವರಿದ್ದರೆ ಅಪ್ಪನ ಹೆಸರನ್ನೂ ಸೇರಿಸುತ್ತೇನೆ. ಇದರಿಂದ ಆಟ ನಿಧಾನವಾಗುತ್ತದೆ ಎಂದು ಮಕ್ಕಳ ದೂರು. ಗೆಳತಿಗೆ ಪೊಲೀಸ್ ಕೆಲಸ ಆಗಲಿಲ್ಲ. ಸರ್ಟಿಫಿಕೇಟು ಇದ್ದಿದ್ದರೆ ಆಗುತ್ತಿತ್ತೇ ಎಂದು ಒಮ್ಮೆ ಸರ್ ಸಿಕ್ಕಾಗ ಕೇಳಿದೆ. ಒಬ್ಬರ ಉದಾಹರಣೆಯಿಂದ ಏನೂ ಹೇಳಲು ಬರುವುದಿಲ್ಲ ಎಂದರು. ಅವರ ಮಾತು ಸರಿಯೇ ಇರಬೇಕು. ಆದರೂ ನನಗೆ ಅವತ್ತು ಅವರ ಮೇಲೆ ವಿಪರೀತ ಸಿಟ್ಟು ಬಂತು. ಅವಳು ಉದಾಹರಣೆಯಲ್ಲ. ಅವಳು ಈಗ ಅಬ್ಬಾನ ವ್ಯಾಪಾರವನ್ನು ನೋಡಿಕೊಳ್ಳುತ್ತಾಳೆ. ದಲಾಲರು ಅವಳ ಮುಂದೆ ಬಾಯಿ ಬಿಡಲು ಹೆದರುತ್ತಾರೆಂದು ಕೇಳಿದ್ದೇನೆ.

ಪಂದ್ಯಾವಳಿ ಮುಗಿದ ಮರುದಿನ ನಾನು ಎಂದಿನಂತೆ ಬಸ್ಸು ಹತ್ತಿದೆ. ಅವಳು ಬರುತ್ತಾಳೋ ಇಲ್ಲವೋ, ಬಂದರೆ ನನ್ನ ಪಕ್ಕ ಕೂರುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ಕಾಲು ಎತ್ತಿಡಲು ಆಗದಷ್ಟು ನೋಯುತ್ತಿದ್ದವು. ದೊಡ್ಡ ಬುಟ್ಟಿಯ ಹೆಂಗಸೊಬ್ಬಳು ಬಂದು ಸೀಟು ಯಾರದೆಂದು ಕೇಳಿದಳು. ಬರ್ತಾರ್ರಿ ಎಂದೆ. ಅವಳು ಬಯ್ಯುತ್ತ ಬುಟ್ಟಿಯನ್ನು ನನ್ನ ಮೊಣಕಾಲಿಗೆ ಒತ್ತಿ ನಿಂತಳು. ನಾನು ಸರಿಯಲಿಲ್ಲ.

ತಿಕೋಟಾ ಬಂತು. ಅವಳು ಹತ್ತಿದಳು, ಮಂದಿಯನ್ನು ಸರಿಸಿಕೊಂಡು ಬಂದು ನನ್ನ ಪಕ್ಕ ಕೂತಳು. ಬಸ್ಸು ಊರು ದಾಟಿತು. ಆಮೇಲೆ ಜೇಬಿಗೆ ಕೈ ಹಾಕಿ ಒಣದ್ರಾಕ್ಷಿ ತೆಗೆದು, ಅರ್ಧ ನನ್ನ ಅಂಗೈಗೆ ಸುರಿದಳು.

"ಹೆಂಗ ಆಡಿದ್ವಿ ಬೇ?" ಎಂದಳು.

ಆಡಿದಿ ಎನ್ನಲಿಲ್ಲ. ಆಡಿದ್ವಿ ಎಂದಳು.  ಒಂದು ಕಾಳನ್ನು ಬಹಳ ಹೊತ್ತು ಅಗಿದೆ.

"ಮೊದಲರ್ಧ ಭಾರಿ ಆಡಿದ್ವಿ."

"ಆಮ್ಯಾಗ?"

"ಆಮ್ಯಾಗ ನೀ ಬರಲೇ ಇಲ್ಲ" ಎಂದೆ.